ಸೇತುವೆಯ ಮೇಲಿನ ಎರಡನೆಯವನು

ದುರ್ಬೀನಿನ ಒಳಹೊರಗು ಬಲ್ಲವರು ಯಾರು ಎಂದು ನಮ್ಮ ಊರಿನಲ್ಲಿ ಕೇಳಿ ನೋಡಿ, ಜನ ನೇರವಾಗಿ ನನ್ನ ಮನೆಯ ಕಡೆ ಕೈ ತೋರಿಸುತ್ತಾರೆ. ಕೈ ತೋರಿಸಿದ ಮೇಲೆ ನಗುತ್ತಾರೆ ಎಂದು ನನ್ನ ಹೆಂಡತಿ ಸೇರಿಸುತ್ತಾಳೆ. ದೊಡ್ಡ ಮನುಷ್ಯರ ಹೆಂಡಂದಿರಿಗೆ ಗಂಡನ ದೊಡ್ಡತನ ಕಾಣುವುದಿಲ್ಲ. ತೀರಾ ಹತ್ತಿರದ ವಸ್ತುವಿಗೆ ಯಾವ ದುರ್ಬೀನೂ ಫೋಕಸ್ ಆಗುವುದಿಲ್ಲ ಎಂಬುದು ಶಾಸ್ತ್ರ.

ನಮ್ಮದೊಂದು ದುರ್ಬೀನು ಸಂಘವಿದೆ. ಪ್ರತಿ ಭಾನುವಾರ ಬೆಳಿಗ್ಗೆ ಟೈಲರ್ ಅಂಗಡಿಯ ಮೇಲಿನ ಟೆರೇಸಿನಲ್ಲಿ ಸೇರುತ್ತೇವೆ. ದುರ್ಬೀನು ಸಂಘವೆಂದರೆ ಹಕ್ಕಿ ನೋಡುವವರು ಎಂದು ನೀವು ತಿಳಿದಿದ್ದರೆ ಅದು ನಿಮ್ಮ ತಪ್ಪು. ಒಮ್ಮೆ ಒಂದು ಹದ್ದು ಬಂದು ನಮ್ಮ ಕಾಫಿ ಫ್ಲಾಸ್ಕಿನ ಪಕ್ಕದಲ್ಲೇ ಕೂತು, ಯಾರಾದರೂ ತನ್ನತ್ತ ನೋಡಿಯಾರೇನೋ ಎಂದು ಬಹಳ ಹೊತ್ತು ಕಾದು, ಅವಮಾನದಿಂದ ಹಾರಿಹೋಯಿತು. ನಾವು ದುರ್ಬೀನಿನ ಮೂಲಕ ಏನನ್ನೂ ನೋಡುವವರಲ್ಲ. ದುರ್ಬೀನು ಸರಿಯಾಗಿದೆಯೇ ಎಂದು ನೋಡುವವರು. ಅದಕ್ಕಾಗಿ ದೂರದ ಹಂಚಿನ ಕಾರ್ಖಾನೆಯ ಚಿಮಣಿಯನ್ನು ಮಾತ್ರ ನೋಡುತ್ತೇವೆ. ಆ ಚಿಮಣಿಯನ್ನು ನಾವು ನೋಡಿರುವಷ್ಟು ಅದನ್ನು ಕಟ್ಟಿದ ಗಾರೆಯವನೂ ನೋಡಿರಲಾರ.

ತಿಳಿಯದವರಿಗಾಗಿ ಹೇಳುತ್ತೇನೆ. ದುರ್ಬೀನಿಗೆ ಎರಡು ಕೊಳವೆ. ಎರಡೂ ಒಂದೇ ಕಡೆ ನೋಡಬೇಕು. ಒಂದು ಕೊಳವೆ ಕೂದಲೆಳೆಯಷ್ಟು ಅತ್ತ ತಿರುಗಿದರೂ ಚಿಮಣಿ ಎರಡಾಗುತ್ತದೆ. ಇದಕ್ಕೇ ಅಲೈನ್‌ಮೆಂಟ್ ಎನ್ನುವುದು. ಅದನ್ನು ಸರಿಪಡಿಸಲು, ಒಳಗಿನ ಗಾಜಿನ ಪಟ್ಟಕಗಳನ್ನು ಅಲುಗಿಸುವ ಪುಟ್ಟ ಸ್ಕ್ರೂಗಳಿರುತ್ತವೆ. ಆ ಸ್ಕ್ರೂಗಳನ್ನು ಮುಟ್ಟಬೇಕೋ ಬೇಡವೋ ಎಂಬಲ್ಲಿ ನಮ್ಮ ಸಂಘ ಹೋಳಾಗಿತ್ತು.

ಸ್ಕ್ರೂ ಪಂಗಡದ ನಾಯಕರು ಗಣಿತದ ಮೇಷ್ಟ್ರು. ಮುಟ್ಟಬೇಡಿ ಪಂಗಡದ ನಾಯಕರು ಹಲ್ಲಿನ ಡಾಕ್ಟರು. ದಿನವಿಡೀ ಕಂಡವರ ಬಾಯಿಗೆ ಕೈ ಹಾಕಿ ಕೀಳುವ ಮನುಷ್ಯ ದುರ್ಬೀನಿನ ವಿಷಯದಲ್ಲಿ ಮಾತ್ರ ಏನನ್ನೂ ಮುಟ್ಟಬೇಡಿ ಎನ್ನುತ್ತಿದ್ದರು. ಇವರಿಬ್ಬರೂ ನೇರವಾಗಿ ಮಾತಾಡುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು. ಏನಿದ್ದರೂ ನಡುವೆ ಕೂತ ಟೈಲರ್ ಮೂಲಕ.

"ಟೈಲರ್, ಅವರಿಗೆ ಹೇಳಿ. ಕಾರ್ಖಾನೆಯಲ್ಲಿ ಕೂಡಿಸಿದವನೇನು ದಡ್ಡ ಅಲ್ಲ ಅಂತ."

"ಟೈಲರ್, ಅವರಿಗೂ ಹೇಳಿ. ಕಾರ್ಖಾನೆಯವನು ಬಂದು ಇವರ ದುರ್ಬೀನನ್ನ ಮೆಟ್ಟಿಲ ಮೇಲಿಂದ ಕೆಡವಲಿಲ್ಲ ಅಂತ."

"ಇಬ್ಬರೂ ಅಂದಿದ್ದು ಇಬ್ಬರಿಗೂ ಕೇಳಿಸಿದೆ," ಎನ್ನುತ್ತಿದ್ದರು ಟೈಲರ್. "ಕಾಫಿ ಆರ್ತಾ ಇದೆ, ತಗೊಳ್ಳಿ."

ಇಂಥ ಪಂಡಿತರ ನಡುವೆ ನಾನು ಕಾಲಿಟ್ಟದ್ದು ನನ್ನ ಮಾವನವರ ದುರ್ಬೀನಿನ ದೆಸೆಯಿಂದ.

ನನ್ನ ಮಾವನವರು ಬಂದರಿನಲ್ಲಿ ಹಡಗುಗಳನ್ನು ದಡ ಹತ್ತಿಸುತ್ತಿದ್ದವರು. ನಿವೃತ್ತಿಯಾದ ಮೇಲೆ ಹಡಗು ಸಿಗದೆ ಮನೆಯವರನ್ನೇ ದಡ ಹತ್ತಿಸುತ್ತಿದ್ದರು. ವರ್ಷಕ್ಕೊಮ್ಮೆ ನಡೆಯುವ ಸೈಕಲ್ ರೇಸಿಗೆ ಅವರೇ ಖಾಯಂ ತೀರ್ಪುಗಾರರು. ಆ ರೇಸಿನಲ್ಲಿ ಒಂದು ವಿಶೇಷವಿದೆ. ದೂರದ ಸೇತುವೆಯನ್ನು ಮೊದಲು ದಾಟಿದವನಿಗೆ ಬೇರೆಯದೇ ಒಂದು ಬಹುಮಾನದ ಕಪ್ಪು. ಸೇತುವೆ ಬರಿಗಣ್ಣಿಗೆ ಒಂದು ಗೆರೆಯಂತೆ ಕಾಣುವಷ್ಟು ದೂರ. ಮುಕ್ತಾಯದ ಗೆರೆಯ ಪಕ್ಕ ಕಟ್ಟಿದ ಎತ್ತರದ ಅಟ್ಟಣೆಯ ಮೇಲೆ, ಹಿಡಿಯಿರುವ ಮರದ ಕುರ್ಚಿಯಲ್ಲಿ ಕೂತು, ತೀರ್ಪುಗಾರ ತನ್ನ ದುರ್ಬೀನಿನಲ್ಲಿ ಕಂಡು ಹೇಳಿದ್ದೇ ಕಡೆಯ ಮಾತು.

ಆ ಕುರ್ಚಿ! ಅದರ ಮೇಲೆ ನನಗೆ ಮದುವೆಯ ದಿನದಿಂದ ಕಣ್ಣು. ಮಾವನವರಿಗೆ ಗಂಡು ಮಕ್ಕಳಿಲ್ಲ, ಇಬ್ಬರು ಅಳಿಯಂದಿರು. ನಾನು, ಮತ್ತೆ ನನ್ನ ಷಡ್ಡಕ. ಷಡ್ಡಕ ಕಣ್ಣಿನ ಡಾಕ್ಟರ್. ಮೆತ್ತಗೆ ಮಾತಾಡುವ, ಹೇಳಿದ ಹೊತ್ತಿಗೆ ಬರುವ, ಒಟ್ಟಿನಲ್ಲಿ ಸಂಬಂಧಿಕರಲ್ಲಿ ಇರಬಾರದ ಜಾತಿಯ ಮನುಷ್ಯ. ಆ ವರ್ಷ ಮಾವನವರು ನಮ್ಮಿಬ್ಬರನ್ನೂ ಕೂರಿಸಿ ಹೇಳಿದರು.

"ನೋಡ್ರಪ್ಪಾ, ಇನ್ನು ಅಟ್ಟಣೆ ಹತ್ತೋಕೆ ಮಂಡಿ ಕೇಳಲ್ಲ. ಈ ರೇಸು ಮುಗಿದ ಮೇಲೆ ಕುರ್ಚಿ ನಿಮ್ಮಲ್ಲಿ ಒಬ್ಬರಿಗೆ. ಅಲ್ಲೀವರೆಗೆ ದುರ್ಬೀನು ಅರ್ಧ ಕಾಲ ಅವನ ಹತ್ತಿರ, ಅರ್ಧ ಕಾಲ ಇವನ ಹತ್ತಿರ ಇರಲಿ. ಯಾರ ಕೈಲಿ ಹೇಗಿರುತ್ತೆ ನೋಡ್ತೀನಿ."

ಷಡ್ಡಕ ತನ್ನ ಪಾಲಿನ ಕಾಲವಿಡೀ ಅದನ್ನು ಮೆತ್ತನೆಯ ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿಟ್ಟು, ಹಾಗೇ ತಂದು ನನ್ನ ಕೈಗೆ ಕೊಟ್ಟ. ಸಾಹಸವಿಲ್ಲದ ಮನುಷ್ಯ. ನಾನು ಮರುದಿನವೇ ಅದನ್ನು ಕೊರಳಿಗೆ ಹಾಕಿಕೊಂಡು ತರಕಾರಿ ತರಲು ಹೋದೆ. ಅದನ್ನು ಕಂಡು ಟೈಲರ್ ಟೆರೇಸಿಗೆ ಕರೆದರು.

ಹಲ್ಲಿನ ಡಾಕ್ಟರು ದುರ್ಬೀನನ್ನು ಚಿಮಣಿಗೆ ಹಿಡಿದು, ತುಟಿ ಕಚ್ಚಿ, "ಪರವಾಗಿಲ್ಲ. ಸ್ವಲ್ಪ ಆಫ್ ಇದೆ," ಎಂದರು.

ಡಾಕ್ಟರು ಯಾವ ದುರ್ಬೀನು ಕೊಟ್ಟರೂ ಹಾಗೇ ಹೇಳುತ್ತಾರೆಂಬುದು ನನಗೆ ಆಗ ಗೊತ್ತಿರಲಿಲ್ಲ. ಮಾವನವರ ಮಾನ ನನ್ನ ಕೊರಳಲ್ಲಿ ತೂಗುತ್ತಿರುವಾಗ ಸುಮ್ಮನಿರುವುದು ಹೇಗೆ?

"ಗೊತ್ತು," ಎಂದೆ. "ಬೇಕೂಂತಲೇ ಬಿಟ್ಟಿದೀನಿ. ಅಲೈನ್‌ಮೆಂಟ್ ನಾನೇ ಮಾಡೋದು."

ಕಾಫಿ ಕಪ್ಪುಗಳೆಲ್ಲಾ ಕೆಳಗಿಳಿದವು. ಮೇಷ್ಟ್ರು ಮೆಲ್ಲಗೆ ಎದ್ದು ಬಂದರು.

"ಯಾವ ಯಂತ್ರದಲ್ಲಿ ಮಾಡ್ತೀರಿ?"

"ಯಂತ್ರ ಯಾಕೆ ಸಾರ್? ಕಣ್ಣಿಲ್ವಾ?"

ಅಂದು ನನ್ನ ಬಾಯಿಂದ ಬಂದ ಈ ಮಾತು ಅವರನ್ನು ಅಲ್ಲಾಡಿಸಿಬಿಟ್ಟಿತು. ಮೇಷ್ಟ್ರು ಜೇಬಿನಿಂದ ಗಡಿಯಾರದವರು ಬಳಸುವ ಸ್ಕ್ರೂ ಡ್ರೈವರ್ ತೆಗೆದು, ತಮ್ಮ ದುರ್ಬೀನಿನ ಜೊತೆ ನನ್ನ ಮುಂದಿಟ್ಟರು. ನಾನು ಜೀವಮಾನದಲ್ಲಿ ತಿರುಗಿಸಿದ ಸ್ಕ್ರೂ ಎಂದರೆ ನಮ್ಮ ಬಚ್ಚಲಿನ ಬಾಗಿಲ ಚಿಲಕದ್ದು; ಅದು ಇವತ್ತಿಗೂ ಒಳಗಿನಿಂದ ಹಾಕಿಕೊಂಡರೆ ಹೊರಗಿನವರು ಬಂದು ತೆಗೆಯಬೇಕು. ಆದರೂ ಧೈರ್ಯಗುಂದಲಿಲ್ಲ. ಚಿಮಣಿಯನ್ನು ನೋಡುತ್ತಾ ತಿರುಗಿಸಿದೆ. ಚಿಮಣಿ ಎರಡಾಯಿತು, ಮೂರಾದಂತೆಯೂ ಅನ್ನಿಸಿತು, ಕಡೆಗೆ ಎರಡೂ ಮೆಲ್ಲಗೆ ಬಂದು ಒಂದರೊಳಗೊಂದು ಕೂತವು. ಆಹಾ! ಚಿಮಣಿಯ ತುದಿಯ ಕಬ್ಬಿಣದ ಕಡ್ಡಿ, ಆ ಕಡ್ಡಿಯ ತುಕ್ಕು, ಆ ತುಕ್ಕಿನ ಮೇಲೆ ನಡೆಯುತ್ತಿದ್ದ ಇರುವೆ, ಇರುವೆಯ ಮುಖದ ಬೇಸರ, ಎಲ್ಲಾ ಕಂಡಿತು.

"ತಗೊಳ್ಳಿ. ಇನ್ನು ಈ ಜನ್ಮದಲ್ಲಿ ಮುಟ್ಟೋ ಹಾಗಿಲ್ಲ."

ಮೇಷ್ಟ್ರು ನೋಡಿದರು. ಮುಖ ಸಪ್ಪಗಾಯಿತು. "ಎರಡು ಕಾಣ್ತಿದೆಯಲ್ರೀ. ಒಂದರ ಮೇಲೊಂದು."

ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ಮುಗಿದುಹೋಗುತ್ತಿದ್ದರು. ನಾನು ನಕ್ಕೆ.

"ಎರಡು ಕಾಣಲೇಬೇಕು ಮೇಷ್ಟ್ರೇ. ಇಷ್ಟು ವರ್ಷ ನಿಮ್ಮ ಕಣ್ಣು ಸೊಟ್ಟ ಯಂತ್ರಕ್ಕೆ ಒಗ್ಗಿಹೋಗಿದೆ. ಈಗ ಒಮ್ಮೆಲೇ ನೆಟ್ಟಗಿರೋದನ್ನ ಕೊಟ್ಟರೆ ಗಾಬರಿ ಆಗಲ್ವಾ? ಯಂತ್ರ ಸರಿಹೋಯ್ತು, ಇನ್ನು ಕಣ್ಣು ಪಳಗಿಸಿಕೊಳ್ಳಿ. ತಲೆ ಒಂಚೂರು ಎಡಕ್ಕೆ ವಾಲಿಸಿ ನೋಡಿ."

ಮೇಷ್ಟ್ರು ತಲೆ ವಾಲಿಸಿದರು. ಇನ್ನೂ ವಾಲಿಸಿದರು. ಕಿವಿ ಭುಜಕ್ಕೆ ತಾಗಿದಾಗ, "ಹಾಂ! ಒಂದಾಗ್ತಾ ಇದೆ, ಒಂದಾಗ್ತಾ ಇದೆ!" ಎಂದು ಕೂಗಿದರು. ತಲೆ ನೆಟ್ಟಗೆ ಮಾಡಿದಾಗ ಅದು ಮತ್ತೆ ಎರಡಾಯಿತೆಂದು ಅವರು ಯಾರಿಗೂ ಹೇಳಲಿಲ್ಲ. ಪಳಗದ ಕಣ್ಣಿನವನು ಎಂದು ಹಲ್ಲಿನ ಡಾಕ್ಟರ ಮುಂದೆ ಹೇಳಿಸಿಕೊಳ್ಳಲು ಯಾರಿಗೆ ಮನಸ್ಸು ಬಂದೀತು?

ಆಮೇಲೆ ಏನು ಕೇಳುತ್ತೀರಿ! ಟೈಲರ್ ತಮ್ಮದನ್ನು ಕೊಟ್ಟರು. ಸಂಘದ ಸಮಸ್ತರೂ ಕೊಟ್ಟರು. ಕಡೆಗೆ ಮುಟ್ಟಬೇಡಿ ಪಂಗಡದ ನಾಯಕರೇ ಹೊತ್ತಾರೆ ಹಿತ್ತಲ ಬಾಗಿಲಿನಿಂದ ಬಂದು, "ಮೇಷ್ಟ್ರಿಗೆ ಗೊತ್ತಾಗಬಾರದು," ಎಂದು ದುರ್ಬೀನನ್ನು ಟವಲಿನಿಂದ ಬಿಚ್ಚಿದರು. ಎಲ್ಲರದ್ದನ್ನೂ ನನ್ನ ಕಣ್ಣಿಗೆ ಒಂದಾಗಿ ಕಾಣುವ ತನಕ ತಿರುಗಿಸಿ ಕೊಟ್ಟೆ. ಇಷ್ಟು ಜನಕ್ಕೆ ಉಪಕಾರ ಮಾಡಿ ಮಾವನವರದ್ದನ್ನು ಹಾಗೇ ಬಿಡುವುದು ಅನ್ಯಾಯವಲ್ಲವೇ? ಅದನ್ನೂ ಸರಿಪಡಿಸಿಬಿಟ್ಟೆ.

ಒಂದು ತಿಂಗಳಲ್ಲಿ ನಮ್ಮ ಸಂಘದವರನ್ನು ಬೀದಿಯಲ್ಲಿ ಗುರುತಿಸುವುದು ಸುಲಭವಾಯಿತು. ಎಲ್ಲರ ತಲೆಯೂ ಎಡಕ್ಕೆ ವಾಲಿತ್ತು. ಟೈಲರ್ ಹೊಲಿದ ಕಾಲರುಗಳು ವಾಲಿದವು. ಆ ಅಂಗಿ ತೊಟ್ಟ ಗಿರಾಕಿಗಳೂ ಕಾಲರಿಗೆ ಸರಿಯಾಗಿ ವಾಲಿದರು. ಮೇಷ್ಟ್ರು ಬೋರ್ಡಿನ ಮೇಲೆ ಬರೆದ ಲಂಬರೇಖೆಗೆ ಮಕ್ಕಳು ಊರುಗೋಲು ಬರೆದು ನಿಲ್ಲಿಸಿದರು. ಹಲ್ಲಿನ ಡಾಕ್ಟರು ಯಾವ ಹಲ್ಲನ್ನು ಕಿತ್ತರು, ಯಾವುದನ್ನು ಕೀಳಬೇಕಾಗಿತ್ತು ಎಂಬ ವಿಷಯ ಇನ್ನೂ ತೀರ್ಮಾನವಾಗಿಲ್ಲವಾದ್ದರಿಂದ ನಾನು ಏನೂ ಹೇಳುವುದಿಲ್ಲ.

"ಏನ್ರೀ ಮಾಡಿದೀರಿ ಅವರಿಗೆಲ್ಲಾ?" ಎಂದಳು ಹೆಂಡತಿ. "ಟೈಲರ್ ಹೆಂಡತಿ ಕೇಳ್ತಿದ್ರು, ನಿಮ್ಮ ಯಜಮಾನ್ರು ಅದೇನು ಕಲಿಸ್ತಾರೆ, ನಮ್ಮವರು ಊಟಕ್ಕೆ ಕೂತರೆ ಅನ್ನ ಪಕ್ಕದ ತಟ್ಟೆಗೆ ಹಾಕ್ಕೋತಾರೆ ಅಂತ."

"ಕಣ್ಣು ಪಳಗ್ತಾ ಇದೆ ಕಣೇ."

"ಅಪ್ಪನ ದುರ್ಬೀನು ಮುಟ್ಟಿಲ್ಲ ತಾನೇ?"

"ಛೆ, ಛೆ. ಧೂಳು ಒರೆಸಿದೆ, ಅಷ್ಟೇ."

ರೇಸಿನ ಹಿಂದಿನ ದಿನ ಮಾವನವರು ಬಂದರು. ಬಂದವರೇ ದುರ್ಬೀನು ತೆಗೆದುಕೊಂಡು ಕಿಟಕಿಯಿಂದ ಚಿಮಣಿಗೆ ಹಿಡಿದರು. ಫೋಕಸಿನ ಚಕ್ರವನ್ನು ಅತ್ತ ತಿರುಗಿಸಿದರು, ಇತ್ತ ತಿರುಗಿಸಿದರು.

"ಏನಪ್ಪಾ, ಹಂಚಿನ ಕಾರ್ಖಾನೆಯವರು ಇನ್ನೊಂದು ಚಿಮಣಿ ಕಟ್ಟಿಸಿದಾರಾ?"

"ಕಟ್ಟಿಸಿರಬಹುದು ಮಾವ. ವ್ಯಾಪಾರ ಚೆನ್ನಾಗಿದೆಯಂತೆ."

"ಒಳ್ಳೇದು. ಮೊದಲನೇದರ ತಲೆ ಮೇಲೇ ಕಟ್ಟಿಸಿದಾರೆ. ಜಾಗ ಉಳೀತು," ಎಂದು ದುರ್ಬೀನನ್ನು ಚೀಲಕ್ಕೆ ಹಾಕಿಕೊಂಡರು. ತಮ್ಮ ಕಣ್ಣಿನಲ್ಲಿ ದೋಷವಿರಬಹುದು ಎಂದು ಅನುಮಾನಪಡುವುದು ಅವರ ವಂಶದಲ್ಲೇ ಇಲ್ಲ. ಆ ಒಂದು ಗುಣ ನನಗೂ ಬಂದಿದೆ. ರಕ್ತಸಂಬಂಧ ಇಲ್ಲದೆಯೇ ಬಂದಿದೆ ನೋಡಿ.

ರೇಸಿನ ದಿನ ಅಟ್ಟಣೆಯ ಮೇಲೆ ಮಾವನವರು ಕುರ್ಚಿಯಲ್ಲಿ, ಬಲಕ್ಕೆ ಷಡ್ಡಕ ಛತ್ರಿ ಹಿಡಿದು, ಎಡಕ್ಕೆ ನಾನು ಟೈಲರಿಂದ ಎರವಲು ತಂದ ದುರ್ಬೀನು ಹಿಡಿದು. ಕೆಳಗೆ ಮೊದಲ ಸಾಲಿನಲ್ಲಿ ನಮ್ಮ ಇಡೀ ಸಂಘ. ತಜ್ಞರ ಸಾಲು ಎಂದು ರೇಸಿನ ಕಾರ್ಯದರ್ಶಿಗೆ ಹೇಳಿ ನಾನೇ ಹಾಕಿಸಿದ್ದೆ. ತಲೆಗಳೆಲ್ಲಾ ಗಾಳಿಗೆ ಬಾಗಿದ ಪೈರಿನ ಹಾಗೆ ಒಂದೇ ಕಡೆಗೆ.

ಸೇತುವೆಯ ಮೇಲೆ ಹಳದಿ ಚುಕ್ಕೆಯೊಂದು ಮೂಡಿತು. ಮಾವನವರು ಮೈಕ್ ಎಳೆದುಕೊಂಡರು.

"ಬಂದರು! ಸೇತುವೆ ಮೇಲೆ ಇಬ್ಬರು! ಇಬ್ಬರದೂ ಹಳದಿ ಬನಿಯನ್! ಸಮಸಮ!"

ಜನ ಹೋ ಎಂದರು. ನಾನು ಕಣ್ಣಿಗೆ ದುರ್ಬೀನು ಹಿಡಿದೆ. ಒಬ್ಬನೇ. ಅವನ ಮೀಸೆಯ ಬೆವರು ಸಹಿತ ಸ್ಪಷ್ಟವಾಗಿ, ಒಬ್ಬನೇ.

"ಮಾವ, ಒಬ್ಬನೇ ಅಲ್ವಾ?"

"ನಂಬರೂ ಕಾಣ್ತಿದೆ!" ಮಾವನವರಿಗೆ ನನ್ನ ಮಾತು ಕೇಳಿಸಲಿಲ್ಲ. "ಹದಿನೇಳು! ಇನ್ನೊಬ್ಬನದು... ಅವನದೂ ಹದಿನೇಳು!"

ಕೆಳಗೆ ಕಾರ್ಯದರ್ಶಿ ತಲೆ ಚಚ್ಚಿಕೊಂಡ. "ಒಂದೇ ನಂಬರ್ ಇಬ್ಬರಿಗೆ ಕೊಟ್ಟಿದೀವೇನ್ರೋ! ಕೆಲಸ ಕಳೀತೀರಾ ನನ್ನದು!"

ಸೇತುವೆ ದಾಟಿದ ಮೇಲೆ ರಸ್ತೆ ಮರಗಳ ಮರೆಗೆ ಹೋಗುತ್ತದೆ. ಎಲ್ಲರೂ ತಿರುವಿನತ್ತ ನೋಡಿದೆವು. ಹಳದಿ ಬನಿಯನ್ನಿನವನು ಬಂದ. ಒಬ್ಬನೇ ಬಂದ. ಗೆರೆ ದಾಟಿ ಎರಡೂ ಕೈ ಮೇಲೆತ್ತಿದ. ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ.

"ಇನ್ನೊಬ್ಬ ಎಲ್ಲಿ?" ಎಂದ ಕಾರ್ಯದರ್ಶಿ.

"ಯಾರು?" ಎಂದ ಗೆದ್ದವನು.

"ಯಾರಾ? ನಿನ್ನ ಜೊತೆ ಸೇತುವೆ ಮೇಲೆ ಇದ್ದವನು!"

"ನನ್ನ ಜೊತೆ ಯಾರೂ ಇರಲಿಲ್ಲ ಸಾರ್. ಎಲ್ಲರೂ ಹಿಂದೆ ಬಿದ್ರು."

ಬಿದ್ದರು ಎಂಬ ಮಾತು ಕೇಳಿ ಜನ ಹೌಹಾರಿದರು. ಮಾವನವರ ಮುಖ ಬಿಳಿಚಿತು. ಮೈಕನ್ನು ಮತ್ತೆ ಹತ್ತಿರ ಎಳೆದುಕೊಂಡು, "ಕೆಳಗಿನವನು... ಸೇತುವೆ ಅಂಚಿನಲ್ಲೇ ಇದ್ದ. ಅಂಚಿಗಿಂತಲೂ ಕೆಳಗಿದ್ದ," ಎಂದರು.

"ನೀರಿಗೆ ಬಿದ್ದ!" ಎಂದು ಯಾರೋ ಕಿರುಚಿದರು.

ಪೊಲೀಸ್ ಇನ್ಸ್‌ಪೆಕ್ಟರು ಮುಂದೆ ಬಂದು ಗೆದ್ದವನ ಸೈಕಲ್ಲಿನ ಹ್ಯಾಂಡಲ್ ಹಿಡಿದರು. ಆದರೂ ಕಾನೂನು ಬಲ್ಲವರಲ್ಲವೇ, ಬೇರೆ ಸಾಕ್ಷಿ ಇದೆಯೇ ಎಂದು ಕೇಳಿದರು. ಕಾರ್ಯದರ್ಶಿ ತಜ್ಞರ ಸಾಲಿನತ್ತ ತಿರುಗಿದ.

ಮೇಷ್ಟ್ರು ಎದ್ದರು. "ಇಬ್ಬರು. ನಾನೇ ಕಣ್ಣಾರೆ ಕಂಡೆ."

ಹಲ್ಲಿನ ಡಾಕ್ಟರು ಎದ್ದರು. ಮೇಷ್ಟ್ರು ಹೇಳಿದ್ದನ್ನು ಅವರು ಹೌದೆಂದ ಉದಾಹರಣೆ ಹಿಂದೆ ಇರಲಿಲ್ಲ. "ಹೌದು, ಇಬ್ಬರು. ಕೆಳಗಿನವನು ಸ್ವಲ್ಪ ಆಫ್ ಇದ್ದ."

ಸಂಘ ಹುಟ್ಟಿದಾಗಿನಿಂದ ಮೊಟ್ಟಮೊದಲ ಬಾರಿಗೆ ಸಮಸ್ತ ಸದಸ್ಯರೂ, ಪಕ್ಕದವರದ್ದನ್ನು ಈಸಿಕೊಂಡು ನೋಡಿದ್ದ ಟೈಲರೂ ಸೇರಿ, ಒಂದೇ ಮಾತು ಹೇಳಿದರು. ಇಬ್ಬರು, ಇಬ್ಬರು, ಇಬ್ಬರು. ಮೇಷ್ಟ್ರೂ ಡಾಕ್ಟರೂ ಟೈಲರಿನ ನೆರವಿಲ್ಲದೆ ಒಬ್ಬರ ಕೈ ಒಬ್ಬರು ಹಿಡಿದುಕೊಂಡರು. ನೋಡಿ ನನ್ನ ಕಣ್ಣು ತುಂಬಿ ಬಂತು. ಆದರೆ ಗೆದ್ದವನ ಕಣ್ಣೂ ತುಂಬಿ ಬಂದಿತ್ತು. ಇನ್ಸ್‌ಪೆಕ್ಟರು ಅವನ ಇನ್ನೊಂದು ಕೈಯನ್ನೂ ಹಿಡಿದಿದ್ದರು.

"ಒಬ್ಬನೇ!" ಎಂದೆ ನಾನು ಅಟ್ಟಣೆಯ ಮೇಲಿಂದ. "ನಾನು ನೋಡಿದೀನಿ, ಒಬ್ಬನೇ!"

"ಸುಮ್ನಿರಪ್ಪಾ!" ಮಾವನವರು ಗುಡುಗಿದರು. "ಒಂದು ಜೀವ ನೀರಲ್ಲಿ ಮುಳುಗ್ತಾ ಇದೆ, ಇವನು ಒಬ್ಬನೇ ಅಂತಾನೆ! ಬಂದರಿನಲ್ಲಿ ಇಂಥಾ ಕಣ್ಣಿನವನನ್ನ ಲಾಟೀನು ಹಚ್ಚೋಕೂ ಇಟ್ಟುಕೊಳ್ತಿರಲಿಲ್ಲ."

ಕುರ್ಚಿ ನನ್ನ ಕೈಜಾರಿ ಷಡ್ಡಕನ ಕಡೆ ಉರುಳುವುದು ನನಗೆ ಎದ್ದು ಕಾಣುತ್ತಿತ್ತು. ಅದಕ್ಕೆ ದುರ್ಬೀನು ಬೇಕಾಗಿರಲಿಲ್ಲ. ಅಗ್ನಿಶಾಮಕದವರ ದೋಣಿ ಹೊರಟಿತು. ಸೈರನ್ನಿನ ಸದ್ದಿಗೆ ಊರಿನ ಅರ್ಧ ಜನ ಬಂದರು, ಉಳಿದರ್ಧ ಮೊದಲೇ ಬಂದಿತ್ತು. ಕಾಣೆಯಾದವನ ತಾಯಿ ಎಂದು ಯಾರೋ ಒಬ್ಬ ಹೆಂಗಸನ್ನು ಕೂರಿಸಿ ನೀರು ಕುಡಿಸಿದರು. ಆಕೆ ಬಸ್ಸಿಗೆ ಕಾಯುತ್ತಿದ್ದವರು.

ಮಾವನವರು ಕುರ್ಚಿಯ ಅಂಚಿಗೆ ಬಂದು ಸೇತುವೆಯ ಕೆಳಗಿನ ನೀರಿಗೆ ದುರ್ಬೀನು ಹಿಡಿದು ಕೂತರು. ಸ್ವಲ್ಪ ಹೊತ್ತಿನ ಮೇಲೆ ನಿಟ್ಟುಸಿರು ಬಿಟ್ಟು ಕೆಳಗಿದ್ದ ಅಗ್ನಿಶಾಮಕ ಅಧಿಕಾರಿಗೆ ಹೇಳಿದರು.

"ಎರಡು ದೋಣಿ ಕಳಿಸಿದ್ದು ಒಳ್ಳೇದಾಯ್ತು ಕಣಯ್ಯಾ."

ಅಧಿಕಾರಿ ಟೋಪಿ ತೆಗೆದ. "ಸಾರ್, ನಮ್ಮ ಹತ್ತಿರ ಇರೋದೇ ಒಂದು ದೋಣಿ."

ಮಾವನವರು ದುರ್ಬೀನು ಇಳಿಸಿದರು, ಮತ್ತೆ ಏರಿಸಿದರು, ಮತ್ತೆ ಇಳಿಸಿದರು. ಷಡ್ಡಕ ಛತ್ರಿಯನ್ನು ನನ್ನ ಕೈಗೆ ಕೊಟ್ಟು, ಮೆತ್ತಗೆ ಅವರ ಕೈಯಿಂದ ದುರ್ಬೀನು ತೆಗೆದುಕೊಂಡು ನೋಡಿದ. ಆಮೇಲೆ ನನ್ನನ್ನು ನೋಡಿದ. ಜೇಬಿನಿಂದ ಪೆನ್ನು ತೆಗೆದು ನನ್ನ ಮೂಗಿನ ಮುಂದೆ ಹಿಡಿದ.

"ಅಣ್ಣಾ, ಒಂದು ನಿಮಿಷ ಇದನ್ನೇ ನೋಡಿ." ನನ್ನ ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿದ, ತೆಗೆದ, ಇನ್ನೊಂದನ್ನು ಮುಚ್ಚಿದ, ತೆಗೆದ. "ನಿಮ್ಮ ಬಲಗಣ್ಣು ಹುಟ್ಟಿನಿಂದಲೇ ಒಂಚೂರು ಮೇಲೆ ನೋಡುತ್ತೆ. ನಿಮಗೆ ಗೊತ್ತಾಗಲ್ಲ, ಮೆದುಳು ಹೇಗೋ ಸರಿಮಾಡಿಕೊಳ್ಳುತ್ತೆ. ಈ ದುರ್ಬೀನನ್ನ ಯಾರೋ ಆ ಕಣ್ಣಿಗೆ ಸರಿಯಾಗಿ ತಿರುಗಿಸಿಬಿಟ್ಟಿದಾರೆ. ನಿಮಗೊಬ್ಬರಿಗೇ ಒಂದು ಕಾಣೋದು. ಊರಿಗೆಲ್ಲಾ ಎರಡು."

ಮೈಕ್ ಇನ್ನೂ ಆನ್ ಆಗಿತ್ತೆಂದು ಆಮೇಲೆ ತಿಳಿಯಿತು.

ತಜ್ಞರ ಸಾಲಿನ ತಲೆಗಳೆಲ್ಲಾ ಒಟ್ಟಿಗೆ ನನ್ನತ್ತ ತಿರುಗಿದವು, ವಾಲಿಕೊಂಡೇ. ಇನ್ಸ್‌ಪೆಕ್ಟರು ಗೆದ್ದವನ ಕೈ ಬಿಟ್ಟು, ಧೂಳು ಒರೆಸಿದವರಂತೆ ಅವನ ತೋಳು ಸವರಿದರು. ಮಾವನವರು ಎದ್ದು ನಿಂತು ಕೇಳಿದರು.

"ಧೂಳು ಒರೆಸಿದೆ ಅಂತ ಹೇಳಿದ್ಯಂತೆ ನನ್ನ ಮಗಳ ಹತ್ತಿರ?"

ನಾನೇನು ಹೇಳಬೇಕೆಂದು ಯೋಚಿಸುವ ಮೊದಲೇ ಕಾರ್ಯದರ್ಶಿ ಅಟ್ಟಣೆ ಹತ್ತಿ ಬಂದು ನನ್ನನ್ನು ತಬ್ಬಿಕೊಂಡ. ಅವನ ನೌಕರಿ ಉಳಿದಿತ್ತು. "ಇಷ್ಟು ಜನ ತಜ್ಞರಲ್ಲಿ ನಿಜ ಹೇಳಿದ್ದು ನೀವೊಬ್ಬರೇ ಸಾರ್! ಮುಂದಿನ ವರ್ಷದಿಂದ ಕುರ್ಚಿ ನಿಮ್ಮದೇ!" ಎಂದು ಮೈಕಿನಲ್ಲಿ ಘೋಷಿಸಿಯೂ ಬಿಟ್ಟ. ಈ ಸಲ ಜನ ಚಪ್ಪಾಳೆ ತಟ್ಟಿದರು. ಬಸ್ಸು ತಪ್ಪಿಸಿಕೊಂಡ ಹೆಂಗಸೂ ತಟ್ಟಿದರು.

ಹೀಗೆ ಕುರ್ಚಿ ನನಗೆ ಬಂತು. ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಷಡ್ಡಕ ಬಿಡಬೇಕಲ್ಲ! ಮರುವಾರವೇ ಒಂದು ಕನ್ನಡಕ ಮಾಡಿಸಿ ತಂದ. ಅದನ್ನು ಹಾಕಿಕೊಂಡರೆ ನನ್ನ ಕಣ್ಣು ಎಲ್ಲರಂತಾಗುತ್ತದಂತೆ. ಹಾಕಿಕೊಂಡು ಮಾವನವರ ದುರ್ಬೀನು ಹಿಡಿದೆ. ಚಿಮಣಿ ಎರಡು. ಕನ್ನಡಕ ತೆಗೆದೆ. ಒಂದು. ಕೂಡಲೇ ಕನ್ನಡಕವನ್ನು ಅಕ್ಕಿ ಡಬ್ಬದಲ್ಲಿ ಮುಚ್ಚಿಟ್ಟೆ. ಹೆಂಡತಿ ಹುಡುಕಿ ತಂದು ಮೂಗಿಗೆ ಏರಿಸಿದಳು.

ಈ ಸುದ್ದಿ ಟೆರೇಸಿಗೆ ಹೋಗದಿರುತ್ತದೆಯೇ? ಈಗ ಪ್ರತಿ ಭಾನುವಾರ ನನ್ನನ್ನು ನಡುವೆ ಸ್ಟೂಲಿನ ಮೇಲೆ ಕೂರಿಸಿ ಚರ್ಚೆ ನಡೆಯುತ್ತದೆ. ಚಿಮಣಿಯನ್ನು ಕೇಳುವವರಿಲ್ಲ.

"ಟೈಲರ್, ಅವರಿಗೆ ಹೇಳಿ," ಎನ್ನುತ್ತಾರೆ ಮೇಷ್ಟ್ರು. "ಇಷ್ಟು ದುರ್ಬೀನು ತಿರುಗಿಸೋದಕ್ಕಿಂತ ಈ ಒಂದು ಕಣ್ಣು ತಿರುಗಿಸೋದು ಸುಲಭ ಅಂತ."

"ಟೈಲರ್, ಅವರಿಗೂ ಹೇಳಿ," ಎನ್ನುತ್ತಾರೆ ಹಲ್ಲಿನ ಡಾಕ್ಟರು. "ಇದು ಒರಿಜಿನಲ್ ಪೀಸು. ಹುಟ್ಟಿದಾಗಿಂದ ಬಿಚ್ಚಿಲ್ಲ. ಬಿಚ್ಚಿದರೆ ಬೆಲೆ ಹೋಗುತ್ತೆ ಅಂತ."

ಮಾವನವರು ಈಗ ಸಂಘದ ಹೊಸ ಸದಸ್ಯರು. ಮಂಡಿನೋವು ಪೂರ್ತಿ ವಾಸಿಯಾಗಿದೆಯಂತೆ. ಅಟ್ಟಣೆಯನ್ನು ಈಗ ಓಡಿಯೇ ಹತ್ತಬಲ್ಲರಂತೆ. ಸೇರಿದ ದಿನವೇ ಸ್ಕ್ರೂ ಪಂಗಡದ ಪಕ್ಕ ಕುರ್ಚಿ ಹಾಕಿಕೊಂಡರು. ಮೇಷ್ಟ್ರಿಂದ ಆ ಪುಟ್ಟ ಸ್ಕ್ರೂ ಡ್ರೈವರನ್ನು ಈಸಿಕೊಂಡು, ಒಂದು ಕಣ್ಣು ಮುಚ್ಚಿ, ನನ್ನ ಬಲಗಣ್ಣನ್ನೇ ನೋಡುತ್ತಾ ಅದರ ತುದಿಯನ್ನು ಪಂಚೆಗೆ ಒರೆಸುತ್ತಿರುತ್ತಾರೆ.

"ಅಳಿಯಂದಿರೇ, ಒಂಚೂರು ಇತ್ತ ತಿರುಗಿ. ಧೂಳು ಒರೆಸ್ತೀನಿ, ಅಷ್ಟೇ."

ಹಾಗಾಗಿ, ಅಲೈನ್‌ಮೆಂಟಿನಲ್ಲಿ ನನ್ನಷ್ಟು ಅನುಭವವಿರುವ ಮನುಷ್ಯ ಈ ಭೂಮಿಯ ಮೇಲೆ ಇನ್ನೊಬ್ಬನಿಲ್ಲವಾದರೂ, ಈಚೆಗೆ ನಾನು ಮುಟ್ಟಬೇಡಿ ಪಂಗಡ ಸೇರಿದ್ದೇನೆ.